ಸ್ಲ್ಯಾಬ್ ಹಾಕಿದ ಮೇಲೆ ಬಂದು ಏನು ನೋಡ್ತೀರಿ?

ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಬಾಜೂ ಜಾಗದಲ್ಲಿ ಒಂದು ಕಾಂಪ್ಲೆಕ್ಸ್ ಏಳುತ್ತಿದೆ. ಇಲ್ಲಿಯವರೆಗೆ ಮೂರು ಸ್ಲ್ಯಾಬ್ ಹಾಕಿದ್ದಾರೆ. ಕಾಂಕ್ರೀಟ್ ಸುರಿಯುವ ಮುಂಚೆ ಕಬ್ಬಿಣದ ಸಳಿ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಅಂತ ನೋಡಲು ಮಹಾನಗರಪಾಲಿಕೆಯ ಒಬ್ಬನೇ ಒಬ್ಬ ಅಧಿಕಾರಿ ಬಂದಿಲ್ಲ. ಎಲ್ಲ ಮುಗಿದ ಮೇಲೆ ಬರುತ್ತಾರೆ. ಗೋಡೆಯಿಂದ ಕಾಂಪೌಂಡಿನವರೆಗೆ ಟೇಪು ಹಿಡಿದು, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು, ಮಾಲೀಕರ ಸಂಗಡ ಚಹಾ ಕುಡಿದು ಹೊರಟುಹೋಗುತ್ತಾರೆ. ಇದಕ್ಕೆ ಸ್ಥಳ ಪರಿಶೀಲನೆ ಅಂತ ಹೆಸರು!

ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಅಳೆಯಬೇಡಿ ಅನ್ನುತ್ತಿಲ್ಲ. ಅಳೆಯಿರಿ. ಆದರೆ ಕಟ್ಟಡ ಬೀಳುವುದು ಅರ್ಧ ಅಡಿ ಸೆಟ್‌ಬ್ಯಾಕ್ ಕಡಿಮೆಯಾಗಿದ್ದಕ್ಕಲ್ಲ. ಕಾಲಂ, ಬೀಮು, ಪಾಯಾ ಸೋತಾಗ ಬೀಳುತ್ತದೆ. ಕಾಂಕ್ರೀಟ್ ಒಳಗೆ ಸೇರಿದ ಸಳಿಯನ್ನು ಆಮೇಲೆ ಯಾವ ಟೇಪು ಅಳೆದೀತು?

ಎರಡನೇ ಸ್ಲ್ಯಾಬಿನ ಹಿಂದಿನ ದಿನ ನಮ್ಮ ಮಾಳಿಗೆಯಿಂದಲೇ ಎಲ್ಲ ಕಾಣುತ್ತಿತ್ತು. ಸೆಂಟ್ರಿಂಗ್ ತಗಡಿನ ಮೇಲೆ ಸಳಿಗಳು ಹಾಸಿಕೊಂಡು ಬಿದ್ದಿದ್ದವು. ಸಳಿ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಕೆಳಗೆ ಇಲ್ಲ. ತಡೆಯಲಾರದೆ ಅಲ್ಲಿಂದಲೇ ಕೂಗಿ ಕೇಳಿದೆ, "ಮೇಸ್ತ್ರಿ, ಕವರ್ ಬ್ಲಾಕ್ ಎಲ್ಲಿ ಅದಾವ್ರಿ?" "ಖಡಿ ಚೂರು ಇಟ್ಟೇವಲ್ರೀ ಸರ್, ಏನೂ ಆಗೂದಿಲ್ಲ ಬಿಡ್ರಿ" ಅಂದ. ಮರುದಿನ ಮಿಕ್ಸರ್ ತಿರುಗುವಾಗ ಕಾಂಕ್ರೀಟ್ ಸಲೀಸಾಗಿ ಹರಿಯಲಿ ಅಂತ ಪೈಪಿನಿಂದ ನೀರು ಬಿಟ್ಟಿದ್ದೇ ಬಿಟ್ಟಿದ್ದು. ನೀರು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ ಅನ್ನುವುದು ಯಾವ ಗೌಂಡಿಗೆ ಗೊತ್ತಿಲ್ಲ? ಸೆಂಟ್ರಿಂಗ್ ಬಿಚ್ಚಿದಾಗ ಸ್ಲ್ಯಾಬಿನ ಅಡಿಯಲ್ಲಿ ಅಲ್ಲಲ್ಲಿ ಸಳಿ ಬರಿಗಣ್ಣಿಗೆ ಕಾಣುತ್ತಿತ್ತು. ಲಗೂನ ಪ್ಲಾಸ್ಟರ್ ಬಡಿದು ಮುಚ್ಚಿಬಿಟ್ಟರು. ಪರಿಶೀಲನೆಗೆ ಬಂದವರು ನೋಡಿದ್ದು ಆ ನುಣುಪಾದ ಪ್ಲಾಸ್ಟರನ್ನು.

ನಿಯಮ ಇಲ್ಲವೇ? ಕಾಂಕ್ರೀಟ್ ಕೆಲಸಕ್ಕಿರುವ ಐಎಸ್ 456 ಅನ್ನುವ ಭಾರತೀಯ ಮಾನದಂಡದಲ್ಲಿ ಎಲ್ಲ ಬರೆದಿದೆ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟಾದರೆ 10 ದಿನ ಕಾಂಕ್ರೀಟಿಗೆ ನೀರು ಹೊಡೆಯಬೇಕು. ಸ್ಲ್ಯಾಬಿನ ಹರವು 4.5 ಮೀಟರ್ ದಾಟಿದರೆ ಕೆಳಗಿನ ಆಸರೆ 14 ದಿನ, 6 ಮೀಟರ್ ಮೀರಿದ ಬೀಮಿಗೆ 21 ದಿನ ತೆಗೆಯುವಂತಿಲ್ಲ. ಸುರಿಯುವಾಗಲೇ ಕಾಂಕ್ರೀಟನ್ನು 150 ಮಿಲಿಮೀಟರಿನ ಕ್ಯೂಬುಗಳಲ್ಲಿ ತುಂಬಿಟ್ಟು 28 ದಿನಕ್ಕೆ ಒಡೆದು ಬಲ ನೋಡಬೇಕು. ಬಾಜೂ ಸೈಟಿನಲ್ಲಿ ಆ ಕ್ಯೂಬಿನ ಅಚ್ಚನ್ನೇ ನಾನು ಕಂಡಿಲ್ಲ. ವರದಿ ತೋರಿಸಿ ಅಂತ ಕೇಳಿದವರನ್ನೂ ಕಂಡಿಲ್ಲ.

ನಮ್ಮದು ಎರಿ ಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಬಿರಿಯುತ್ತದೆ. ಇಂಥ ಮಣ್ಣಿನಲ್ಲಿ ನಮ್ಮ ಗೋಡೆಗೆ ಹತ್ತಿ ಸೆಲ್ಲರ್ (ನೆಲದಡಿಯ ಅಂತಸ್ತು) ಅಗೆದರು, ಮಣ್ಣು ಜಾರದಂತೆ ಒಂದು ಆಸರೆಯನ್ನೂ ಕೊಡಲಿಲ್ಲ. ಈಗ ನಮ್ಮ ಅಡಿಗೆಮನೆ ಗೋಡೆಯಲ್ಲಿ ರೂಪಾಯಿ ಬಿಲ್ಲೆ ತೂರುವಷ್ಟು ಬಿರುಕು. ಪಾಲಿಕೆ ಕಚೇರಿಗೆ ಅರ್ಜಿ ಒಯ್ದರೆ ಮೇಜಿನ ಆಚೆಯಿಂದ ಬಂದ ಉತ್ತರ: "ಅದು ಸಿವಿಲ್ ಮ್ಯಾಟರ್ ರೀ, ಕೋರ್ಟಿಗೆ ಹೋಗ್ರಿ. ನಾವು ನೋಟಿಸ್ ಕೊಟ್ಟೇವಿ."

ನೋಟಿಸ್ ಕೊಟ್ಟರೆ ಕೆಲಸ ನಿಂತಿತೇ? 1976ರ ಕರ್ನಾಟಕ ಮಹಾನಗರಪಾಲಿಕೆ ಕಾಯ್ದೆಯ 321ನೇ ಕಲಮಿನಲ್ಲಿ ಕೆಲಸ ನಿಲ್ಲಿಸಲು, ಕಾರಣ ಕೇಳಲು, ಕೆಡವಿಸಲು ಅಧಿಕಾರ ಇದೆ. ಅದನ್ನು ಬಳಸುವ ಕೈ ಇಲ್ಲ. ಉತ್ತರ ಕೊಡಲು ಗಡುವು, ಆಮೇಲೆ ಇನ್ನೊಂದು ಗಡುವು, ಅಷ್ಟರಲ್ಲಿ ಮೇಲೊಂದು ಅಂತಸ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದ್ದೇನು? ಮಂಜೂರಾದ ಪ್ಲಾನನ್ನು ಕೆಲಸ ನಡೆಯುವಷ್ಟು ದಿನವೂ ಸೈಟಿನಲ್ಲಿ ಕಾಣುವಂತೆ ಹಾಕಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು, ಮುಕ್ತಾಯ ಪ್ರಮಾಣಪತ್ರ ಇಲ್ಲದೆ ನೀರು, ಕರೆಂಟು ಕೊಡಬಾರದು. ಇದರಲ್ಲಿ ನಮ್ಮಲ್ಲಿ ಜೋರಾಗಿ ಜಾರಿಗೆ ಬಂದದ್ದು ಕರೆಂಟಿನ ಮಾತು ಒಂದೇ. ಸಾಲ ಮಾಡಿ ಮನೆ ಕಟ್ಟಿ ಮುಗಿಸಿದವರು ಮೀಟರಿಗಾಗಿ ಕಚೇರಿ ಕಚೇರಿ ಅಲೆದರು. ಪ್ಲಾನ್ ಹಾಕುವ, ಆಗಾಗ ಬಂದು ನೋಡುವ ಮಾತು ಎಲ್ಲಿ ಹೋಯಿತು? ಬಾಜೂ ಸೈಟಿನ ಮುಂದೆ ತೂಗುತ್ತಿರುವುದು ಸಿಮೆಂಟ್ ಕಂಪನಿಯ ಜಾಹೀರಾತು, ಪ್ಲಾನ್ ಅಲ್ಲ.

ಧಾರವಾಡದ ಕುಮಾರೇಶ್ವರ ನಗರವನ್ನು ಇಷ್ಟು ಬೇಗ ಮರೆತೆವೇ? 2019ರ ಮಾರ್ಚ್ 19. ಕೆಳಗೆ ಅಂಗಡಿಗಳು ನಡೆದಿದ್ದವು, ಮೇಲೆ ಇನ್ನೂ ಕೆಲಸ ಸಾಗಿತ್ತು. ಕುಸಿದು 19 ಜನ ಹೋದರು. ದಿನಗಟ್ಟಲೆ ಅವಶೇಷ ತೆಗೆಯುವುದನ್ನು ಟಿವಿಯಲ್ಲಿ ನೋಡಿ ಇಡೀ ಅವಳಿ ನಗರ ಅತ್ತಿತ್ತು. ಆಮೇಲೂ ಸ್ಲ್ಯಾಬಿನ ಮುಂಚೆ ಬಂದು ಸಳಿ ನೋಡುವ ಪದ್ಧತಿ ನಮ್ಮ ಓಣಿಗೆ ಬರಲಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಸಿಬ್ಬಂದಿ ಸಾಲದು ಅನ್ನುತ್ತಾರೆ. ಸರಿ, ಹೆಚ್ಚಿಸಿ. ಹೆಚ್ಚಿಸುವವರೆಗೆ ಪ್ಲಾನಿಗೆ ಸಹಿ ಹಾಕಿದ ಎಂಜಿನಿಯರನ್ನಾದರೂ ಸೈಟಿಗೆ ನಿಲ್ಲಿಸಿ. ಪಾಯಾ ತುಂಬುವ ಮುಂಚೆ, ಕಾಲಂ ಎಬ್ಬಿಸುವ ಮುಂಚೆ, ಪ್ರತಿ ಸ್ಲ್ಯಾಬಿನ ಮುಂಚೆ ಸಳಿಯ ಫೋಟೊ, ದಿನಾಂಕ, ಹೆಸರಿನ ಸಮೇತ ಸಹಿ ಇರಲಿ. ಆ ಸಹಿ ಇಲ್ಲದೆ ಮಿಕ್ಸರ್ ತಿರುಗಬಾರದು. ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದು ನಮಗೂ ಗೊತ್ತಿರಬೇಕಲ್ಲ.

ಬಾಜೂದಲ್ಲಿ ಈಗ ನಾಲ್ಕನೇ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುತ್ತಿದ್ದಾರೆ, ಸಳಿ ಇನ್ನೂ ಕಟ್ಟಿಲ್ಲ. ಅರ್ಜಿ ನಿಮ್ಮ ಮೇಜಿನ ಮೇಲೇ ಇದೆ ಸಾಹೇಬರೇ, ಈ ಸಲ ಕಾಂಕ್ರೀಟ್ ಸುರಿಯುವ ಮುಂಚೆ ಬರ್ರಿ.