ಎಲೆಯ ಮುಂದೆ ನೀವು, ಕುರ್ಚಿಯ ಹಿಂದೆ ಅವರು

ಮದುವೆ ಛತ್ರದ ಊಟದ ಹಾಲಿನಲ್ಲಿ ನಿಮ್ಮ ಎಲೆಗೆ ಕೋಸಂಬರಿ ಬೀಳುವ ಮೊದಲೇ ನಿಮ್ಮ ಕುರ್ಚಿಯ ಬೆನ್ನಿಗೆ ಯಾರದೋ ಕೈ ಬಿದ್ದಿರುತ್ತದೆ. ತಿರುಗಿ ನೋಡುವ ಅಗತ್ಯವಿಲ್ಲ. ಮುಂದಿನ ಪಂಕ್ತಿಯವರು ಬಂದರು, ಅಷ್ಟೇ. ನೀವು ಕೂತು ಇನ್ನೂ ಎರಡು ನಿಮಿಷ ಆಗಿಲ್ಲ, ನಿಮ್ಮ ಜಾಗಕ್ಕೆ ವಾರಸುದಾರರು ಹುಟ್ಟಿಕೊಂಡಿದ್ದಾರೆ. ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಬೆಳಗ್ಗೆಯಷ್ಟೇ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದು ಕಳಿಸಿರುತ್ತಾರೆ: 'ನಿಧಾನವಾಗಿ ಊಟ ಮಾಡಿ, ಪ್ರತಿ ತುತ್ತನ್ನೂ 32 ಸಲ ಅಗಿಯಿರಿ, ಆರೋಗ್ಯವೇ ಭಾಗ್ಯ.' ಮಧ್ಯಾಹ್ನ ಒಂದು ಗಂಟೆಗೆ ಕುರ್ಚಿ ಹಿಡಿದು ನಿಂತಿರುವವರು ಅವರೇ.

ಉಪದೇಶದಲ್ಲೇನೂ ತಪ್ಪಿಲ್ಲ ಬಿಡಿ. ಜಠರ ಹಿಗ್ಗಿದ ಸುದ್ದಿ ವೇಗಸ್ ನರದ ಮೂಲಕ ಮೆದುಳಿಗೆ ಬೇಗ ಹೋಗುತ್ತದೆ. ಆದರೆ 'ಇನ್ನು ಸಾಕು' ಅನ್ನುವ ಖಾತರಿ ಸಿಗಬೇಕಾದರೆ ಆಹಾರ ಸಣ್ಣ ಕರುಳಿಗೆ ಇಳಿಯಬೇಕು, ಅಲ್ಲಿಂದ ಸಿಸಿಕೆ, ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಹೊರಡಬೇಕು. ಊಟ ಶುರುವಾಗಿ ಇದಕ್ಕೆಲ್ಲ ಸುಮಾರು 20 ನಿಮಿಷ ಹಿಡಿಯುತ್ತದೆ. ಮದುವೆಯ ಪಂಕ್ತಿಯೊಂದು ಎದ್ದುಹೋಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹಾಗಾಗಿ ಹೊಟ್ಟೆ ತುಂಬಿತೆಂಬ ಸುದ್ದಿ ತಲುಪುವಷ್ಟರಲ್ಲಿ ನೀವು ಬೀಡಾ ಕೌಂಟರಿನ ಮುಂದೆ ನಿಂತಿರುತ್ತೀರಿ, ಎರಡನೇ ಹೋಳಿಗೆ ಒಳಗೆ ಹೋಗಿ ಬಹಳ ಹೊತ್ತಾಗಿರುತ್ತದೆ. ಇನ್ನು ಅನ್ನದ ಪಿಷ್ಟ ಒಡೆಯುವುದು ಬಾಯಲ್ಲೇ ಶುರು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಕೆಲಸ ಅದು. ಗುಳುಂ ಎಂದು ನುಂಗುವವರ ಬಾಯಲ್ಲಿ ಅದಕ್ಕೆ ಹಾಜರಿ ಹಾಕಲೂ ಪುರಸೊತ್ತಿಲ್ಲ. ಅವಸರದ ತುತ್ತಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ. ಆಮೇಲೆ ಕೈ ತೊಳೆಯುವ ಜಾಗದಲ್ಲಿ ಹೊರಡುವ ಭರ್ಜರಿ ತೇಗನ್ನು ಅಡುಗೆ ಭಟ್ಟರು ಮೆಚ್ಚುಗೆ ಎಂದು ತಿಳಿದು ಖುಷಿಪಡುತ್ತಾರೆ. ಪಾಪ, ಅದು ಬರೀ ಗಾಳಿ.

ಇದೆಲ್ಲ ಹೊಸ ವಿಷಯವೂ ಅಲ್ಲ. ಆಯುರ್ವೇದದ ಹಳೆಯ ಗ್ರಂಥವಾದ ಚರಕ ಸಂಹಿತೆಯ ವಿಮಾನಸ್ಥಾನವೆಂಬ ಭಾಗದ ಮೊದಲ ಅಧ್ಯಾಯದಲ್ಲೇ ಊಟದ ವಿಧಿ ಇದೆ. ಬಿಸಿಯಾಗಿರಲಿ, ಜಿಡ್ಡಿನ ಅಂಶವಿರಲಿ, ಮಿತವಾಗಿರಲಿ, ಹಿಂದೆ ಉಂಡದ್ದು ಜೀರ್ಣವಾಗಿರಲಿ. 'ನಾತಿದ್ರುತಂ ನಾತಿವಿಲಂಬಿತಂ', ತೀರಾ ಅವಸರವೂ ಬೇಡ, ತೀರಾ ನಿಧಾನವೂ ಬೇಡ. 'ಅಜಲ್ಪನ್ ಅಹಸನ್ ತನ್ಮನಾ ಭುಂಜೀತ', ಹರಟದೆ ನಗದೆ ಮನಸ್ಸಿಟ್ಟು ಉಣ್ಣಬೇಕು. ಛತ್ರದಲ್ಲಿ ಇದನ್ನು ಒಂದೊಂದಾಗಿ ತಾಳೆ ನೋಡಿ. ಬಿಸಿ ಇದೆ, ನಾಲಗೆ ಸುಡುವಷ್ಟು. ಜಿಡ್ಡಿಗೆ ತುಪ್ಪದ ಗಿಂಡಿ ಹಿಡಿದವರು ಧಾರಾಳಿಗಳು. ಹಿಂದೆ ಉಂಡದ್ದು ಅಂದರೆ ಅದೇ ಹಾಲಿನಲ್ಲಿ ಒಂಬತ್ತೂವರೆಗೆ ತಿಂದ ಉಪ್ಪಿಟ್ಟು ಕೇಸರಿಬಾತು, ಅದು ಇನ್ನೂ ಒಳಗೆ ಟೆಂಟು ಹಾಕಿಕೊಂಡು ಕೂತಿದೆ. 'ನಾತಿವಿಲಂಬಿತಂ' ಎಂಬ ಒಂದು ಮಾತನ್ನು ಮಾತ್ರ ಕುರ್ಚಿಯ ಹಿಂದೆ ನಿಂತವರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ನಿಮ್ಮ ಪರವಾಗಿ.

ಈಚೆಗೆ ಬರುವ ಸಲಹೆಗಳಲ್ಲಿ 'ಪ್ರತಿ ತುತ್ತಿನ ನಡುವೆ ಚಮಚ ಕೆಳಗಿಡಿ' ಅನ್ನುವುದು ಖಾಯಂ. ಕೈಯಲ್ಲಿ ಉಣ್ಣುವವರು ಏನನ್ನು ಕೆಳಗಿಡಬೇಕು? ಇನ್ನೊಂದು ಒಣದ್ರಾಕ್ಷಿಯ ಪಾಠ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಜಿನ್ ಒತ್ತಡ ತಗ್ಗಿಸುವ ತರಬೇತಿಯೊಂದನ್ನು ಶುರುಮಾಡಿದರು. ಅಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ಅಂಗೈಲಿಟ್ಟು ನೋಡಿ, ಬೆರಳಲ್ಲಿ ಹೊರಳಿಸಿ, ಮೂಸಿ, ಕಿವಿಯ ಹತ್ತಿರ ಹಿಡಿದು, ನಾಲಗೆಯ ಮೇಲಿಟ್ಟು, ಆಮೇಲೆ ಮೆಲ್ಲಗೆ ಕಚ್ಚಬೇಕು. ಒಳ್ಳೆಯ ಅಭ್ಯಾಸವೇ. ಆದರೆ ಪಾಯಸದಲ್ಲಿ ಸಿಕ್ಕ ದ್ರಾಕ್ಷಿಯನ್ನು ಪಂಕ್ತಿಯಲ್ಲಿ ಕಿವಿಯ ಹತ್ತಿರ ಹಿಡಿದು ನೋಡಿ, ಪಕ್ಕದ ಎಲೆಯವರು ನಿಮ್ಮ ಮನೆಯವರನ್ನು ಹುಡುಕಿಕೊಂಡು ಹೋಗುತ್ತಾರೆ.

ಅಗಿಯುವ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿದವರು ಹೊರೇಸ್ ಫ್ಲೆಚರ್ (1849-1919) ಎಂಬ ಅಮೆರಿಕದ ಮಹಾಶಯ. ಬಾಯಲ್ಲಿರುವುದು ನೀರಾಗಿ ತಾನೇ ಇಳಿಯುವವರೆಗೂ ಅಗಿಯಬೇಕೆಂಬುದು ಅವರ ಸಿದ್ಧಾಂತ. ಒಂದು ಎಳೆ ಈರುಳ್ಳಿಯ ತುಂಡಿಗೆ 722 ಸಲ ಅಗಿಯಬೇಕಾಯಿತೆಂದು ಬರೆದಿಟ್ಟಿದ್ದಾರೆ. ಅಷ್ಟು ದೂರ ಹೋಗುವುದು ಬೇಡ, 32ನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ ಒಂದು ಅಂದರೂ ತುತ್ತಿಗೆ ಅರ್ಧ ನಿಮಿಷ, ಅರವತ್ತು ತುತ್ತಿನ ಮದುವೆ ಊಟಕ್ಕೆ ಅರ್ಧ ಗಂಟೆ ಬರೀ ದವಡೆಯ ಕೆಲಸ. ಅಷ್ಟರಲ್ಲಿ ಎಲೆ ತೆಗೆಯುವವರು ನಿಮ್ಮ ಸಾಲಿಗೆ ಎರಡು ಸಲ ಬಂದು ಹೋಗಿರುತ್ತಾರೆ. ಮಂಡ್ಯ, ಹಾಸನದ ಕಡೆಯವರಿಗಂತೂ ಈ 32ರ ಲೆಕ್ಕ ಹೇಳಲೇಬೇಡಿ. ರಾಗಿಮುದ್ದೆಯನ್ನು ಮುರಿದು, ಉಪ್ಸಾರಿನಲ್ಲಿ ಅದ್ದಿ, ನುಂಗುವುದೇ ಕ್ರಮ. ಅಗಿಯಲು ಹೋದವರ ಹಲ್ಲಿಗೆ ಅದು ಅಂಟಿಕೊಂಡು ಸಂಜೆಯವರೆಗೂ ಜೊತೆಗಿರುತ್ತದೆ.

ಈಗ ಕುರ್ಚಿ ಹಿಡಿದವರ ವಿಷಯಕ್ಕೆ ಬರೋಣ. ಅವರನ್ನು ಹಗುರವಾಗಿ ಕಾಣಬೇಡಿ, ಇದರಲ್ಲಿ ಪಳಗಿದವರಿದ್ದಾರೆ. ಪಳಗಿದವರು ಬಾಗಿಲಲ್ಲೇ ನಿಂತು ಒಮ್ಮೆ ಎಲ್ಲ ಎಲೆಗಳನ್ನೂ ಓದುತ್ತಾರೆ. ಹೋಳಿಗೆ ಮುಟ್ಟದೆ ಇಟ್ಟುಕೊಂಡವರ ಹಿಂದೆ ನಿಲ್ಲುವುದಿಲ್ಲ, ಅದು ಕೊನೆಗೆಂದು ಉಳಿಸಿಕೊಂಡ ಆಸಾಮಿ. ಅಜ್ಜಂದಿರ ಹಿಂದೆ ನಿಲ್ಲುವುದಿಲ್ಲ. ಮಗುವಿಗೆ ತಿನ್ನಿಸುತ್ತಿರುವ ತಾಯಂದಿರ ಹಿಂದೆ ದೇವರಾಣೆಗೂ ನಿಲ್ಲುವುದಿಲ್ಲ. ಅವರಿಗೆ ಬೇಕಾದವರು ಒಂಟಿಯಾಗಿ ಬಂದು, ಅರ್ಧ ದಿನ ರಜೆ ಹಾಕಿ, ಎಡಗೈಯ ಗಡಿಯಾರ ನೋಡಿಕೊಳ್ಳುತ್ತಿರುವವರು. ಗುರುತಾದ ಮೇಲೆ ಮೊದಲು ಕುರ್ಚಿಯ ಬೆನ್ನಿಗೆ ಕೈ, ಆಮೇಲೆ ಅಲ್ಲಿಗೆ ನೇತುಬೀಳುವ ಜರಿಯ ಕೈಚೀಲ. ಆಮೇಲೆ ನಿಮ್ಮ ಮೊಣಕೈಯ ಪಕ್ಕ ಒಂದು ಪುಟ್ಟ ಮಗುವನ್ನು ತಂದು ನಿಲ್ಲಿಸುತ್ತಾರೆ. ಅದು ರೆಪ್ಪೆ ಬಡಿಯದೆ ನಿಮ್ಮ ಜಹಾಂಗೀರನ್ನೇ ನೋಡುತ್ತಿರುತ್ತದೆ. ಹಾಗೆ ನೋಡಿಸಿಕೊಂಡು ಜಹಾಂಗೀರು ತಿನ್ನುವ ಗಟ್ಟಿಗುಂಡಿಗೆ ಎಷ್ಟು ಜನಕ್ಕಿದೆ?

ಇದಕ್ಕೂ ಮೇಲಿನದು ಫೋನಿನ ವೀಕ್ಷಕ ವಿವರಣೆ. ನಿಮ್ಮ ತಲೆಯ ಮೇಲೆಯೇ ನಡೆಯುತ್ತದೆ. "ಎಲ್ಲಿದ್ದೀಯೇ? ನಾಲ್ಕನೇ ಸಾಲಿಗೆ ಬಾ, ಕಂಬದ ಪಕ್ಕ. ಎರಡು ಸೀಟು ಹಿಡಿದಿದ್ದೀನಿ. ಇನ್ನೇನು ಮುಗೀತು, ಸಾರನ್ನದಲ್ಲಿದ್ದಾರೆ." ಸ್ವಲ್ಪ ಹೊತ್ತು ಬಿಟ್ಟು, "ಹುಳಿಗೆ ಬಂದ್ರು." ಆಮೇಲೆ ದನಿ ಇಳಿಸಿ, ನಿಮಗೆ ಸರಿಯಾಗಿ ಕೇಳುವಷ್ಟೇ ಇಳಿಸಿ, "ಅಯ್ಯೋ, ಮತ್ತೆ ಅನ್ನ ಹಾಕಿಸ್ಕೊಂಡ್ರು ಕಣೇ!" ಕೊನೆಯ ಅಸ್ತ್ರ ಬಡಿಸುವ ಹುಡುಗನ ಮೇಲೆ: "ಇಲ್ನೋಡಪ್ಪಾ, ಇವರಿಗೆ ಮಜ್ಜಿಗೆ ಹಾಕು." ನೀವು ಮಜ್ಜಿಗೆ ಕೇಳಿಲ್ಲ. ನಿಮ್ಮ ಎಲೆಯಲ್ಲಿ ಪಲ್ಯ ಇದೆ, ಗೊಜ್ಜಿದೆ, ಅರ್ಧ ಹಪ್ಪಳ ಇದೆ. ಆದರೂ ಮಜ್ಜಿಗೆ ಬೀಳುತ್ತದೆ. ಅರ್ಧ ಎದ್ದಿದ್ದೀರೋ ಇಲ್ಲವೋ, ಅವರು ಪಕ್ಕದಿಂದ ಒಂದು ಕಾಲು ತೂರಿಸಿ ಕುರ್ಚಿಗೆ ಜಾರಿರುತ್ತಾರೆ, ಎದುರಿಗೆ ನಿಮ್ಮ ಎಂಜಲೆಲೆ ಹಾಗೇ ಇದ್ದರೂ. ಅವರು ಕೂತು ಉಸಿರು ಬಿಡುವಷ್ಟರಲ್ಲಿ ಹಿಂದೆ ಇನ್ನೊಬ್ಬರು ಬಂದು ನಿಂತರೆ ಮಾತ್ರ ಸಿಡಿಮಿಡಿ: "ಏನ್ರೀ ಇದು, ನೆಮ್ಮದಿಯಾಗಿ ಊಟ ಮಾಡೋಕೂ ಬಿಡಲ್ವಲ್ಲ ಜನ!"

ಸಿಟ್ಟು ಬಂದರೂ ಲೆಕ್ಕ ನೋಡಿದರೆ ಅವರದೊಂದೇ ತಪ್ಪಲ್ಲ. ಸಾವಿರ ಜನರನ್ನು ಕರೆದು ಇನ್ನೂರು ಕುರ್ಚಿ ಹಾಕಿದರೆ ಐದು ಪಂಕ್ತಿ ಆಗಲೇಬೇಕು. ಮುಹೂರ್ತ ಮುಗಿಯುವುದು ಹನ್ನೆರಡಕ್ಕೆ, ಛತ್ರ ಬಿಡಬೇಕಾದದ್ದು ನಾಲ್ಕಕ್ಕೆ. ಐದನೇ ಪಂಕ್ತಿಗೆ ಹೋಳಿಗೆ ಇರುತ್ತದೋ ಇಲ್ಲವೋ ಎಂಬ ಭಯ ಎಲ್ಲರಿಗೂ ಗೊತ್ತಿರುವುದೇ. ಬಡಿಸುವವರಿಗೂ ಹೇಳಿಟ್ಟಿರುತ್ತಾರೆ, ಎಲ್ಲೂ ನಿಲ್ಲಬೇಡಿ ಎಂದು. ತೊವ್ವೆಯ ಬಕೆಟ್ಟಿನ ಬೆನ್ನಿಗೇ ಸಾರು, ಸಾರಿನ ಬೆನ್ನಿಗೇ ಹುಳಿ. 'ಆಮೇಲೆ ಹಾಕಿಸಿಕೊಳ್ಳುತ್ತೇನೆ' ಅಂದರೆ ಆ ಬಕೆಟ್ಟು ಮತ್ತೆ ಈ ಕಡೆ ಬರುವ ಖಾತರಿಯಿಲ್ಲ, ಹಾಗಾಗಿ ಜನ ಎಲ್ಲವನ್ನೂ ಒಮ್ಮೆಲೇ ಹಾಕಿಸಿಕೊಂಡು ಎಲೆಯನ್ನು ಸಂತೆ ಮಾಡಿಕೊಳ್ಳುತ್ತಾರೆ.

ಇಂಥ ಜಾಗದಲ್ಲೂ ನಿಧಾನವಾಗಿ ಉಣ್ಣಬಹುದು, ಕಸುಬು ಗೊತ್ತಿರಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಸಾರನ್ನ. ಬಾಳೆಎಲೆಗೆ ಅಂಚಿಲ್ಲ. ತಿಳಿಸಾರು ಬಿದ್ದ ಮೇಲೆ ಧ್ಯಾನಸ್ಥರಾಗಿ ಕೂತರೆ ಅದು ನಿಮ್ಮ ಪಂಚೆಯನ್ನೋ ಪಕ್ಕದವರ ರೇಷ್ಮೆ ಸೀರೆಯನ್ನೋ ಹುಡುಕಿಕೊಂಡು ಹೊರಡುತ್ತದೆ. ಬಹಳ ಜನ ಸಾರನ್ನವನ್ನು ಓಡೋಡಿ ಉಣ್ಣುವುದು ಹಸಿವಿನಿಂದಲ್ಲ, ಈ ಪ್ರವಾಹದ ಭೀತಿಯಿಂದ. ಉಪಾಯ ಇದೆ, ವಿಶ್ವೇಶ್ವರಯ್ಯನವರ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಹಿಡಿ ಅನ್ನ ಮಾತ್ರ ಹಾಕಿಸಿಕೊಂಡು ನಡುವೆ ಗುಳಿ ಮಾಡಿ ಸುತ್ತ ಕಟ್ಟೆ ಕಟ್ಟಿ. ಸಾರು ಅರ್ಧ ಸೌಟು ಸಾಕೆನ್ನಿ. ಅನ್ನ ಅದನ್ನು ಹೀರಿಕೊಳ್ಳಲು ಒಂದು ನಿಮಿಷ ಬಿಡಿ, ಆ ನಿಮಿಷಕ್ಕೆಂದೇ ಹಪ್ಪಳವಿದೆ. ಆಮೇಲೆ ಆಚೆ ಬದಿಯಿಂದ ಒಳಗೆ ಕಲಸುತ್ತಾ ಬನ್ನಿ. ನಿಮ್ಮ ಮಡಿಲ ಕಡೆಯ ಕಟ್ಟೆ ಕೊನೆಯವರೆಗೂ ಒಡೆಯಕೂಡದು. ಮಜ್ಜಿಗೆ ಅನ್ನಕ್ಕೂ ಇದೇ ವಿಧಾನ, ಕಟ್ಟೆ ಇನ್ನಷ್ಟು ಭದ್ರವಾಗಿರಬೇಕು.

ಚಮಚ ಕೆಳಗಿಡುವ ಸಲಹೆಗೆ ನಮ್ಮಲ್ಲಿ ಸರಿಸಾಟಿಯಾದ ಕ್ರಮ ಒಂದಿದೆ. ಯಾರ ಕೈಯನ್ನಾದರೂ ಗಮನಿಸಿ. ಬಾಯಲ್ಲಿ ಒಂದು ತುತ್ತು ಇರುವಾಗಲೇ ಬೆರಳುಗಳು ಮುಂದಿನದನ್ನು ಕಲಸಿ ಉಂಡೆ ಮಾಡಿ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತವೆ. ಉಂಡೆ ಸಿದ್ಧವಿದ್ದರೆ ಬಾಯಿ ಕಾಯುವುದಿಲ್ಲ, ಇದ್ದದ್ದನ್ನು ನುಂಗಿ ಜಾಗ ಮಾಡಿಕೊಡುತ್ತದೆ. ಬಾಯಿ ಖಾಲಿಯಾಗುವವರೆಗೂ ಬೆರಳು ಎಲೆಯ ಮೇಲೆ ಸುಮ್ಮನಿದ್ದರೆ ಸಾಕು, ಎಣಿಸದೆಯೇ ವೇಗ ಇಳಿಯುತ್ತದೆ. ತುತ್ತು ನಿಂಬೆಹಣ್ಣಿನ ಗಾತ್ರ ಮೀರದಿರಲಿ. ಚಿರೋಟಿ ಇದ್ದರೆ ಬಿಡಬೇಡಿ. ಅದನ್ನು ಪುಡಿಮಾಡಿ, ಸಕ್ಕರೆ ಹರಡಿ, ಬಾದಾಮಿ ಹಾಲು ಬರುವವರೆಗೆ ಕಾದು, ನೆನೆಯಲು ಬಿಟ್ಟು ತಿನ್ನುವಷ್ಟರಲ್ಲಿ ಆರೇಳು ನಿಮಿಷ ನಿಮ್ಮದಾಗುತ್ತದೆ, ಯಾರೂ ಆಕ್ಷೇಪಿಸುವಂತಿಲ್ಲ. ಎಲೆ ಮಡಿಸುವುದು ಮಾತ್ರ ಏಳುವ ಕ್ಷಣದಲ್ಲೇ ಇರಲಿ. ಮಡಿಸಿದ ಎಲೆ ಕಂಡರೆ ತೆಗೆಯುವವರು ನಿಮ್ಮ ಮುಖ ನೋಡುವುದಿಲ್ಲ. ಜಾಗದ ಆಯ್ಕೆಯೂ ಮುಖ್ಯ: ಗೋಡೆಗೆ ಬೆನ್ನು ಹಾಕಿ ಕೂರುವ ಸಾಲು ಸಿಕ್ಕರೆ ಯಾವ ಭೂಪನೂ ನಿಮ್ಮ ಹಿಂದೆ ನಿಲ್ಲಲಾರ. ಎದುರಿಗೆ ನಿಲ್ಲುತ್ತಾರೆ, ನಿಜ. ಅದು ಇನ್ನೊಂದು ಬಗೆಯ ಶಿಕ್ಷೆ.

ಚಾಪೆಯ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದ ಕಾಲದಲ್ಲಿ ಹಿಂದೆ ನಿಲ್ಲಲು ಕುರ್ಚಿಯೇ ಇರಲಿಲ್ಲ. ಪರಿಷೇಚನೆಯ ನೀರು ಎಲೆಯ ಸುತ್ತ ಹರಿಯುವವರೆಗೆ ಹಸಿದವರ ಕೈಯೂ ತಡೆಯುತ್ತಿತ್ತು. ಮಲೆನಾಡು, ಕರಾವಳಿಯ ಪಂಕ್ತಿಗಳಲ್ಲಿ ನಡುವೆ ಯಾರಾದರೂ ಶ್ಲೋಕ ಹೇಳುವರು, ಅದು ಮುಗಿದು ಎಲ್ಲರೂ ಗೋವಿಂದ ಅನ್ನುವರು, ಈಗಲೂ ಕೆಲವು ಕಡೆ ಉಂಟು. ಸಾಲಿನಲ್ಲಿ ಹಿರಿಯರೊಬ್ಬರು ಹಲ್ಲಿಲ್ಲದ ಬಾಯಲ್ಲಿ ಮಜ್ಜಿಗೆ ಅನ್ನ ಮುಗಿಸುವ ತನಕ ಒಬ್ಬರೂ ಏಳುತ್ತಿರಲಿಲ್ಲ. ಇಡೀ ಪಂಕ್ತಿಯ ವೇಗ ಆ ಅಜ್ಜನ ದವಡೆಯ ವೇಗ. ಮನೆಯ ಯಜಮಾನರು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಸಾಲಿನುದ್ದಕ್ಕೂ ಬಂದು "ಸಾವಕಾಶವಾಗಿ ಆಗಲಿ, ಸಾವಕಾಶವಾಗಿ ಆಗಲಿ" ಎನ್ನುತ್ತಿದ್ದರು. ಈಗಿನ ಯಜಮಾನರೂ ಬಂದು ಕೈ ಮುಗಿದು ಅದೇ ಮಾತು ಹೇಳುತ್ತಾರೆ. ಹೇಳುತ್ತಾ ಅವರ ಕಣ್ಣು ಬಾಗಿಲಲ್ಲಿ ಕಾದಿರುವ ಮೂರನೇ ಪಂಕ್ತಿಯ ಕಡೆ ಹೋಗುತ್ತದೆ, ಅವರನ್ನೂ ದೂರುವಂತಿಲ್ಲ.

ಊಟವಾದ ಮೇಲೆ ಮನೆಗೆ ಹೋಗಿ ತಕ್ಷಣ ಅಡ್ಡಾಗಬೇಡಿ. ಹೊಟ್ಟೆ ತುಂಬಿರುವಾಗ ಮಲಗಿದರೆ ಜಠರದ ಆಮ್ಲ ಗಂಟಲ ಕಡೆ ಹರಿಯಬಹುದು. ಎರಡು ಮೂರು ಗಂಟೆ ಕೂತೋ ಓಡಾಡಿಯೋ ಇರಿ, ರಾತ್ರಿಗೆ ಮಜ್ಜಿಗೆ ಸಾಕು.

ಮುಂದಿನ ಮದುವೆಯಲ್ಲಿ ಈ ರಗಳೆಯೇ ಬೇಡವೆಂದು ಹಿಂದಿನ ಸಂಜೆಯ ರಿಸೆಪ್ಷನ್ನಿಗೆ ಹೋಗುವ ಆಲೋಚನೆ ಇದ್ದರೆ, ಅಲ್ಲಿ ಬಫೆ. ಕುರ್ಚಿಯಿಲ್ಲ, ಪಂಕ್ತಿಯಿಲ್ಲ, ಬಡಿಸುವ ಹುಡುಗನಿಗೆ ಮಜ್ಜಿಗೆ ಹಾಕೆಂದು ಹೇಳುವವರಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಬಾಟಲಿ, ಕಂಕುಳಲ್ಲಿ ತಾಂಬೂಲದ ತೆಂಗಿನಕಾಯಿ. ದೋಸೆ ಕೌಂಟರಿನ ಸಾಲಿನಲ್ಲಿ ಬೆನ್ನಿಗೆ ಅಂಟಿ ನಿಂತ ಒಬ್ಬರು ನಿಮ್ಮ ಹೆಗಲ ಮೇಲಿಂದ ಬಗ್ಗಿ ಕೇಳುತ್ತಾರೆ: "ಸಾರ್, ಕಾವಲಿ ಮೇಲಿರೋದು ನಿಮ್ಮದಾ? ನಿಮಗೆ ಅರ್ಜೆಂಟಿಲ್ಲ ತಾನೆ?"