ಫ್ರಿಜ್ಜಿನಲ್ಲಿ ನೀರುನಾಯಿ

ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಈಗ ನಮ್ಮದಲ್ಲ. ಅದು ತುಂಗಭದ್ರೆಯದು. ಹಾಲು, ಮೊಸರು, ದೋಸೆ ಹಿಟ್ಟು ಎಲ್ಲ ಕೆಳಗಿಳಿದು ಒಂದರ ಮೇಲೊಂದು ಕೂತಿವೆ. ಮೇಲೆ ಸಾಲಾಗಿ ನೀರಿನ ಬಾಟಲಿಗಳು. ಒಂದೊಂದರ ಮೇಲೂ ಊರಿನ ಹೆಸರು, ತಾರೀಖು, ಗಂಟೆ. ಬಿಸಿಲಲ್ಲಿ ಬಂದ ನೆಂಟರು ಫ್ರಿಜ್ಜು ತೆಗೆದು ಕೈ ಹಾಕಿದರೆ ಸಾಕು, ಮನೆಯವರೆಲ್ಲ ಒಟ್ಟಿಗೆ ಕೂಗಬೇಕು: "ಅದಲ್ಲ, ಅದಲ್ಲ!"

ಇದೆಲ್ಲ ನನ್ನ ತಂಗಿಯ ಕೃಪೆ. ಅವಳು ಹೊಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ನೀರು ಹೇಗಿದೆ, ಆ ನೀರಲ್ಲಿ ಬದುಕುವ ನೀರುನಾಯಿಗಳ ಆರೋಗ್ಯ ಹೇಗಿದೆ, ಇವೆರಡಕ್ಕೂ ನಂಟೇನು ಅನ್ನೋದು ವಿಷಯ. ಕೆಲಸ ನಡೆಯೋದು ಹೊಸಪೇಟೆ ಸುತ್ತಮುತ್ತ. ಅಕ್ಕನ ಮನೆ ಇರೋದೂ ಹೊಸಪೇಟೆಯಲ್ಲೇ. ಮತ್ತೆ ಹಾಸ್ಟೆಲ್ ಖರ್ಚು ಯಾಕೆ, ಅಲ್ವಾ?

ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಮೀಸಲಿಟ್ಟಿದ್ದಾರೆ. ದೇಶದಲ್ಲಿ ಹೀಗೆ ಮಾಡಿದ್ದು ಇದೇ ಮೊದಲಂತೆ. ಮದುವೆಯಾಗಿ ಬಂದಾಗಿನಿಂದ ನಾನು ಇಲ್ಲೇ ಇದ್ದೀನಿ. ಆದರೆ ನಾನು ನೋಡಿದ ನಾಯಿಗಳೆಲ್ಲ ಬಸ್‌ಸ್ಟ್ಯಾಂಡಿನವು.

ನಮ್ಮ ತವರು ಹರಿಹರ. ಅದೇ ಹೊಳೆಯ ಮೇಲ್ಗಡೆ. ಹಾಗಾಗಿ ತಂಗಿ ಬಂದ ಮೊದಲ ದಿನವೇ ಅತ್ತೆ ಕೇಳಿದ್ದರು, "ನೀರು ಕೆಟ್ಟೈತಿ ಅಂತ ನೋಡಾಕ ಇಲ್ಲೀತನಕ ಯಾಕ ಬಂದಿ? ನಿಮ್ಮೂರಾಗ ಏನೇನ್ ಬಿಟ್ಟೀರಿ ಅಂತ ನಿಮ್ಮಪ್ಪನ್ನ ಕೇಳಿದ್ರ ಮುಗೀತಿತ್ತಲ್ಲ." ಹೊಳೆಯ ಕೆಳಗಿನ ಊರಿಗೆ ಹೆಣ್ಣು ಕೊಟ್ಟ ಮೇಲೆ ಇಂಥ ಮಾತು ಕೇಳಲೇಬೇಕು.

ನೀರುನಾಯಿಗಳ ಆರೋಗ್ಯ ಅಂದರೆ ಹಿಡಿದು, ಸ್ಟೆತೊಸ್ಕೋಪ್ ಇಟ್ಟು ನೋಡುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗೇನಿಲ್ಲ. ಅವು ಸಂಸಾರ ಸಮೇತ ಇರುವ ಪ್ರಾಣಿಗಳು. ಹೊಳೆ ದಂಡೆಯ ಬಂಡೆಗಳ ಮೇಲೆ ಎಲ್ಲಕ್ಕೂ ಸೇರಿ ಒಂದು ಪಾಯಿಖಾನೆ ಜಾಗ ಇರುತ್ತದೆ. ಅಲ್ಲಿ ಬಿದ್ದ ಹಿಕ್ಕೆಯೇ ಸಂಶೋಧಕರಿಗೆ ಬಂಗಾರ. ಯಾವ ಮೀನು ತಿಂದಿದೆ ಅಂತ ಅದರೊಳಗಿನ ಪೊರೆ, ಮುಳ್ಳು, ಏಡಿ ಚಿಪ್ಪು ಹೇಳುತ್ತವೆ. ಹೊಟ್ಟೆಯಲ್ಲಿ ಹುಳ ಇದ್ದರೆ ಅದರ ಮೊಟ್ಟೆ ಅಲ್ಲಿ ಸಿಗುತ್ತದೆ. ಡಿಎನ್‌ಎ ಸಿಕ್ಕರೆ ಯಾವುದು ಯಾವ ನಾಯಿ ಅಂತಲೂ ಗೊತ್ತಾಗುತ್ತದೆ. ಆದರೆ ತಾಜಾ ಇರಬೇಕು. ಬಿಸಿಲು ಬಿದ್ದರೆ ಕೆಟ್ಟಿತು. ಅದಕ್ಕೇ ತಂಗಿ ಬೆಳಗಿನ ಜಾವ ಎದ್ದು, ಚಿಮಟ, ಕೈಗವಸು, ಸಣ್ಣ ಚೀಲಗಳನ್ನು ಹಿಡಿದು ಬಂಡೆ ಹತ್ತುತ್ತಾಳೆ. ಮನೆಯಲ್ಲಿ ಕಾಫಿ ಕುಡಿದ ಲೋಟ ಎತ್ತಿಡದ ಹುಡುಗಿ ಅವಳು.

ಒಂದು ದಿನ ಲ್ಯಾಬಿಗೆ ಹೋಗುವ ಬಸ್ಸು ತಪ್ಪಿತು. ಅವತ್ತಿನ ಚೀಲಗಳಿಗೆ ಇನ್ನೆರಡು ಕವರ್ ಸುತ್ತಿ, ಡಬ್ಬಿಯಲ್ಲಿ ಹಾಕಿ, ನಮ್ಮ ಫ್ರೀಜರ್‌ನಲ್ಲಿ ಇಟ್ಟಳು. ನನಗೆ ಹೇಳಿದ್ದು "ಸ್ಯಾಂಪಲ್" ಅಂತ ಮಾತ್ರ. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ನಮ್ಮನೆಯವರು ಐಸ್ ಹುಡುಕಲು ಹೋಗಿ ಡಬ್ಬಿಯ ಮುಚ್ಚಳ ತೆಗೆದರು. ನಮ್ಮದು ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ. ಡಬ್ಬಿಯೊಳಗಿಂದ ಎದ್ದ ವಾಸನೆ ನಡುಮನೆ ದಾಟಿ ದೇವರ ಕೋಣೆಗೆ ಹೋಯಿತು. ಜಪಮಾಲೆ ಹಿಡಿದೇ ಅತ್ತೆ ಹೊರಗೆ ಬಂದರು.

"ಫ್ರಿಜ್ಜಿನಾಗ ಮೀನ ಯಾರು ಇಟ್ಟಾರ?"

ತಂಗಿ ಸುಳ್ಳು ಹೇಳುವವಳಲ್ಲ. "ಮೀನಲ್ಲ ಅತ್ತೆ," ಅಂದಳು.

"ಮತ್ತೇನು? ನನಗ ಮೂಗಿಲ್ಲೇನು?"

"ಮೀನೇ ಆಗಿತ್ತು. ಈಗ ಅಲ್ಲ."

ನಮ್ಮನೆಯವರು ಇನ್ನೂ ಡಬ್ಬಿಯೊಳಗೆ ಇಣುಕುತ್ತಿದ್ದರು. ಬೆರಳಲ್ಲಿ ಕವರ್ ಒತ್ತಿ, "ಒಣಮೀನಿನ ಪುಡಿ ಇದ್ದಂಗೈತಲ್ಲ, ಪೊರೆ ಕಾಣಾಕತ್ತಾವ" ಅಂದರು. ಹಿಂದಿನ ಕಥೆಯನ್ನು ತಂಗಿ ಬಿಡಿಸಿ ಹೇಳಿದಳು. ಅವರು ಬಚ್ಚಲಮನೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಲ್ಲಿ ಸದ್ದು ಮಾತ್ರ ಕೇಳುತ್ತಿತ್ತು. ಮೀನೇ ಆಗಿದ್ದರೆ ವಾಸಿಯಿತ್ತು ಅಂತ ಅತ್ತೆಯ ಬಾಯಲ್ಲಿ ಬಂದ ದಿನ ಅದೊಂದೇ.

ಅದಾದ ಮೇಲೆ ಹಿಕ್ಕೆಗೆ ಬೇರೆ ಹಳೇ ಫ್ರಿಜ್ಜು ಬಂತು, ಮಹಡಿ ಮೆಟ್ಟಿಲ ಕೆಳಗೆ ಕೂತಿತು. ನೀರಿನ ಬಾಟಲಿಗಳು ಮಾತ್ರ ಅಡುಗೆಮನೆಯಲ್ಲೇ ಉಳಿದವು. ಅದಕ್ಕೆ ಅತ್ತೆಯೇ ಅಪ್ಪಣೆ ಕೊಟ್ಟರು. ಎಷ್ಟಾದರೂ ತುಂಗಭದ್ರೆ. "ಗಂಗಾ ಸ್ನಾನ, ತುಂಗಾ ಪಾನ" ಅಂದಿದ್ದಾರಲ್ಲ ಹಿರಿಯರು.

ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವುದನ್ನು ನಾನು ನೋಡಿದ್ದು ನಮ್ಮ ಹಿತ್ತಿಲ ಕಟ್ಟೆಯ ಮೇಲೆ. ಇದಕ್ಕೀಗ ಕಡ್ಡಿ ಅದ್ದಿದರೆ ಅಂಕಿ ತೋರಿಸುವ ಯಂತ್ರ ಬಂದಿದೆ. ತಂಗಿಯ ಯಂತ್ರ ರಿಪೇರಿಗೆ ಹೋಗಿತ್ತು. ಹಾಗಾಗಿ 1888ರಲ್ಲಿ ಹಂಗೇರಿಯ ವಿಂಕ್ಲರ್ ಅನ್ನುವವನು ಹೇಳಿಕೊಟ್ಟ ಹಳೇ ದಾರಿಯನ್ನೇ ಹಿಡಿದಳು. ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಇಲ್ಲದ ಹಾಗೆ ನೀರು ತುಂಬಬೇಕು. ಎರಡು ರಾಸಾಯನಿಕಗಳನ್ನು ತಳಕ್ಕೆ ಬಿಡಬೇಕು. ಆಮ್ಲಜನಕ ಇದ್ದರೆ ಕಂದು ಮೋಡ ಏಳುತ್ತದೆ. ಇಲ್ಲದಿದ್ದರೆ ಬಿಳಿ. ನಮ್ಮ ಬಾಟಲಿಯಲ್ಲಿ ಕಂದು ಎದ್ದು, ನಿಧಾನಕ್ಕೆ ತಳಕ್ಕಿಳಿದು ಕೂತಿತು. ಆಮೇಲೆ ಆಸಿಡ್ ಹಾಕಿದಾಗ ಎಲ್ಲ ಕರಗಿ ಜೇನಿನ ಬಣ್ಣ. ಬ್ಯುರೆಟ್ಟಿನಿಂದ ಮತ್ತೊಂದು ದ್ರಾವಣ ತೊಟ್ಟು ತೊಟ್ಟಾಗಿ ಬಿಟ್ಟಂತೆ ಜೇನು ತೆಳುವಾಗಿ ಹುಲ್ಲಿನ ಬಣ್ಣಕ್ಕೆ ಬಂತು. ಈಗ ಸ್ಟಾರ್ಚ್ ಹಾಕಬೇಕು. ಸ್ಟಾರ್ಚ್ ಹಾಕಿದರೆ ಕಡುನೀಲಿ, ಆ ನೀಲಿ ಒಂದೇ ತೊಟ್ಟಿಗೆ ಮಾಯವಾಗುವ ಗಳಿಗೆಯಲ್ಲಿ ನಿಲ್ಲಿಸಬೇಕು.

ಸ್ಟಾರ್ಚ್ ನೋಡಿದರೆ ಹಳಸಿ ಬೂಷ್ಟು ಬಂದಿತ್ತು. ಭಾನುವಾರ. ಅಂಗಡಿ ಇಲ್ಲ, ಲ್ಯಾಬ್ ಇಲ್ಲ. ತಂಗಿ ತಲೆ ಮೇಲೆ ಕೈ ಹೊತ್ತು ಕೂತಳು.

"ಸ್ಟಾರ್ಚ್ ಅಂದ್ರ ಏನು?" ಅಂದರು ಅತ್ತೆ.

"ಗಂಜಿ," ಅಂದೆ ನಾನು.

ಅತ್ತೆ ಎದ್ದು ಒಳಗೆ ಹೋದರು. ಇಳಕಲ್ ಸೀರೆಗೆ ಅಂತ ಬಸಿದಿಟ್ಟಿದ್ದ ಅನ್ನದ ಗಂಜಿಯನ್ನು ಲೋಟದಲ್ಲಿ ತಂದರು. ತಂಗಿ ಒಲ್ಲದ ಮನಸ್ಸಿಂದ ಒಂದೆರಡು ಹನಿ ಬಿಟ್ಟಳು. ಬಾಟಲಿ ಪಟ್ಟನೆ ಕಡುನೀಲಿ ತಿರುಗಿತು! ತೊಟ್ಟು, ತೊಟ್ಟು, ಇನ್ನೊಂದು ತೊಟ್ಟು. ನೀಲಿ ಮಾಯ. ಓದಿ ಬರೆದುಕೊಂಡಳು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು" ಅಂತಲೂ ಬರೆದಳು. ಅದನ್ನು ನಾನು ಅತ್ತೆಗೆ ಹೇಳಿಲ್ಲ. ತಮ್ಮ ಗಂಜಿಯಿಂದಲೇ ಪಿಎಚ್.ಡಿ. ಮುಂದೆ ಹೋಯಿತು ಅಂತ ಅವರು ಓಣಿ ತುಂಬ ಹೇಳಿಕೊಂಡು ಬಂದಿದ್ದಾರೆ.

ಇನ್ನು ಹರಿಗೋಲಿನ ಕಥೆ. ನೀರು ಎಷ್ಟು ತಿಳಿ ಅಂತ ನೋಡಲು ತಂಗಿಯ ಹತ್ತಿರ ಒಂದು ತಟ್ಟೆ ಇದೆ. ಕಪ್ಪು ಬಿಳುಪು ಬಳಿದು, ನಡುವೆ ಹಗ್ಗ ಕಟ್ಟಿದ್ದು. ನೀರಿಗೆ ಇಳಿಬಿಟ್ಟು, ಅದು ಕಣ್ಣಿಗೆ ಕಾಣದಾಗುವ ಆಳವನ್ನು ಗುರುತು ಮಾಡಿಕೊಂಡರೆ ಆಯಿತು. ಇಟಲಿಯ ಸೆಕ್ಕಿ ಅನ್ನುವ ಪಾದ್ರಿ, ವೃತ್ತಿಯಲ್ಲಿ ಖಗೋಳ ವಿಜ್ಞಾನಿ, 1865ರಲ್ಲಿ ಪೋಪರ ಹಡಗಿನಲ್ಲಿ ಕೂತು ಬಿಳಿ ತಟ್ಟೆಗಳನ್ನು ಸಮುದ್ರಕ್ಕೆ ಇಳಿಸಿ ಇದನ್ನು ಶುರು ಮಾಡಿದ. ನಕ್ಷತ್ರ ನೋಡುವವನಿಗೆ ತಟ್ಟೆ ಮುಳುಗಿಸುವ ಉಸಾಬರಿ ಯಾಕೆ ಬಂತೋ. ಇರಲಿ, ಅವನಿಗೆ ಹಡಗಿತ್ತು. ನಮಗಿದ್ದದ್ದು ಹರಿಗೋಲು.

ತಟ್ಟೆಯನ್ನು ದೋಣಿಯ ನೆರಳು ಬೀಳುವ ಕಡೆಯಿಂದ ನೋಡಬೇಕು ಅನ್ನೋದು ನಿಯಮ. ಬಿಸಿಲ ಕಡೆ ನೀರು ಮಿರಮಿರ ಮಿಂಚಿ ಏನೂ ಕಾಣೋದಿಲ್ಲ. ಗುಂಡನೆಯ ಹರಿಗೋಲಿಗೆ ನೆರಳಿನ ಕಡೆ ಯಾವುದು? ನೋಡುವಷ್ಟರಲ್ಲಿ ಅದು ತಿರುಗಿರುತ್ತದೆ. ಅದರ ಮೇಲೆ ನಮ್ಮ ಅಂಬಿಗನಿಗೆ ಆನೆಗೊಂದಿಯ ಟೂರಿಸ್ಟುಗಳ ರೂಢಿ. ನಡುನೀರಿಗೆ ಬಂದ ಮೇಲೆ ಹರಿಗೋಲನ್ನು ಗಿರಗಿರ ತಿರುಗಿಸಿದರೆ ಜನ ಕೂಗಿ, ಕುಣಿದು, ಜಾಸ್ತಿ ದುಡ್ಡು ಕೊಡುತ್ತಾರೆ. ತಂಗಿ ತಟ್ಟೆ ಬಿಟ್ಟು ಬಗ್ಗಿದಳು. ಅವನು ನಗುತ್ತಾ ಹುಟ್ಟು ಹಾಕಿ ಒಂದು ಸುತ್ತು ಕೊಟ್ಟ. ಆಮೇಲೆ ಇನ್ನೊಂದು. ಹಗ್ಗ ನನ್ನ ಕೈಗೆ, ಕೈಯಿಂದ ಕೊರಳಿಗೆ, ಕೊರಳಿಂದ ತಂಗಿಯ ಚೀಲಕ್ಕೆ ಸುತ್ತಿಕೊಂಡಿತು. ನಾನು ಕಣ್ಣು ಮುಚ್ಚಿ ವಿರೂಪಾಕ್ಷನನ್ನು ನೆನೆದೆ.

"ಯಾಕ್ರೀ ಮೇಡಂ, ಮಜಾ ಬರವಲ್ದೇನು?" ಅಂದ.

"ನೆರಳು ಎಲ್ಲಿ ಹೋಯ್ತು?" ಅಂತ ತಂಗಿ ಚೀರಿದಳು.

ವಿಷಯ ತಿಳಿಸಿದ ಮೇಲೆ ಪಾಪ, ಕದಲದಂತೆ ಬಂಡೆಗೆ ಹುಟ್ಟು ಊರಿ ನಿಲ್ಲಿಸಿದ. ಆದರೆ ಅವನ ಮನಸ್ಸಿಗೆ ಸಮಾಧಾನವಿಲ್ಲ. "ತಾಟು ಕಾಣೂದಿಲ್ಲ ಅಂತ ನೋಡಾಕ ಇಷ್ಟ್ಯಾಕ ಕಷ್ಟ? ಅಣೆಕಟ್ಟಿನ ಹಿಂದ ನೀರು ಪಾಚಿಗಟ್ಟಿ ಹಸರಾದಾಗ ಬರ್ರಿ. ಗೇಣುದ್ದ ಇಳಿಬಿಟ್ರ ಸಾಕು, ಕಾಣಂಗಿಲ್ಲ" ಅಂದ. ತಂಗಿ ಅದನ್ನೂ ಬರೆದುಕೊಂಡಳು. ಹೊಲಗದ್ದೆಗೆ ಸುರಿದ ಗೊಬ್ಬರ, ಊರುಗಳ ಚರಂಡಿ, ಎಲ್ಲ ಬಂದು ನಿಂತ ನೀರಲ್ಲಿ ಸೇರಿ, ಮೇಲೆ ಬಿಸಿಲೂ ಬಿದ್ದರೆ ನೀಲಿ-ಹಸಿರು ಪಾಚಿಗೆ ಹಬ್ಬ. ಅವಳು ಇದನ್ನು ಹೇಳಲು ಇಪ್ಪತ್ತು ಸ್ಲೈಡು ತೋರಿಸುತ್ತಾಳೆ. ಅವನಿಗೆ ಒಂದು ಗೇಣು ಸಾಕಾಯಿತು.

ಬಂಡೆಗಳ ನಡುವೆ ಕಟ್ಟಿದ ಕ್ಯಾಮೆರಾದ್ದು ಬೇರೆಯೇ ಗೋಳು. ಮುಂದೆ ಬಿಸಿ ಮೈಯ ಪ್ರಾಣಿ ಹಾದುಹೋದರೆ ಶಾಖ ಗುರುತಿಸಿ ತಾನೇ ಫೋಟೋ ತೆಗೆಯುವಂಥದ್ದು ಅದು. ಹುಲಿ, ಕರಡಿಗಾದರೆ ಸರಿ. ನೀರುನಾಯಿಯ ತುಪ್ಪಳ ಎಷ್ಟು ದಟ್ಟ ಅಂದರೆ ಮೈಯ ಬಿಸಿ ಹೊರಗೇ ಬರೋದಿಲ್ಲ. ಒದ್ದೆ ಮೈಯಲ್ಲಿ ನೀರಿಂದ ಎದ್ದು ಬಂದರೆ ಕ್ಯಾಮೆರಾಗೆ ಅದು ಬರೀ ನೀರೇ. ಹಾಗಾಗಿ ಕಾರ್ಡಿನ ತುಂಬ ಆಡು. ಆಡಿನ ಮುಖ, ಆಡಿನ ಕೊಂಬು, ಲೆನ್ಸ್ ನೆಕ್ಕುತ್ತಿರುವ ಆಡಿನ ನಾಲಿಗೆ. ಆಡುಗಳ ಹಿಂದೆ ಒಬ್ಬ ಹುಡುಗ. ಮೊದಮೊದಲು ಅನುಮಾನದಿಂದ ನೋಡುತ್ತಿದ್ದವನು ಬರಬರುತ್ತಾ ತಲೆ ಬಾಚಿಕೊಂಡು ಬಂದ. ಆಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದ. ಕೊನೆಗೆ ತಂಗಿಯನ್ನೇ ತಡೆದು, "ಅಕ್ಕಾರ, ಫೋಟೋ ಯಾವಾಗ ಕೊಡ್ತೀರಿ? ಪಾಸ್‌ಪೋರ್ಟ್ ಸೈಜ್ ಆಗ್ತೈತೇನು?" ಅಂದ. ಜನರ ಚಿತ್ರ ಬಂದರೆ ಅಳಿಸಿಬಿಡಬೇಕು ಅನ್ನುವುದು ಅವರ ನಿಯಮ. ಅವನಿಗೆ ಇದನ್ನು ಹೇಳಿ ನೋಡಿ! ತಂಗಿ ಕೊನೆಗೆ ತನ್ನ ಫೋನಿನಲ್ಲೇ ಆಡುಗಳ ಜೊತೆ ನಿಲ್ಲಿಸಿ ತೆಗೆದು ಕೊಟ್ಟಳು. ಅಂದಿನಿಂದ ಕ್ಯಾಮೆರಾ ಕಾಯುವುದು ಅವನೇ. ನೀರುನಾಯಿ ಎಷ್ಟು ಹೊತ್ತಿಗೆ, ಎಷ್ಟು ಮರಿ ಕಟ್ಟಿಕೊಂಡು ಬಂದಿತ್ತು ಅಂತ ಬಾಯಲ್ಲೇ ವರದಿ ಕೊಡುತ್ತಾನೆ. ಕ್ಯಾಮೆರಾ ಇನ್ನೂ ಆಡುಗಳನ್ನೇ ತೆಗೆಯುತ್ತಿದೆ.

ಈಚಿನ ಗಲಾಟೆ ಕಪ್ಪು ಬಾಟಲಿಯದು. ಕರುಳಿನ ಬ್ಯಾಕ್ಟೀರಿಯಾ ನೀರಿಗೆ ಸೇರಿದೆಯೇ ಅಂತ ತಿಳಿಯಲು ಪುಟ್ಟ ಬಾಟಲಿಯೊಂದು ಸಿಗುತ್ತದೆ. ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಹೇಳಿಕೊಟ್ಟ ದಾರಿ ಇದು. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗೆ ಇಟ್ಟರೆ ಆಯಿತು. ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯುವಂತಿಲ್ಲ. ಬೆಚ್ಚಗೆ ಇಡಲು ಲ್ಯಾಬಿನವರಿಗೆ ಇನ್‌ಕ್ಯುಬೇಟರ್ ಬೇಕು. ಏಪ್ರಿಲ್ ತಿಂಗಳ ಹೊಸಪೇಟೆಯಲ್ಲಿ ಕಿಟಕಿ ಕಟ್ಟೆ ಸಾಕು.

ತಂಗಿ ಸ್ನಾನಘಟ್ಟದ ನೀರನ್ನು ತುಂಬಿಟ್ಟಳು. ಅತ್ತೆ ನೋಡಿದರು. "ನನ್ನ ತೀರ್ಥದ್ದೂ ಇಡು" ಅಂದರು. ಹಂಪಿಯ ಚಕ್ರತೀರ್ಥದಿಂದ ತಂದು ದೇವರ ಮುಂದೆ ತಾಮ್ರದ ಚೊಂಬಿನಲ್ಲಿಟ್ಟ ನೀರದು. ತಂಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಫಲಿತಾಂಶ ಹೇಗೆ ಬಂದರೂ ಈ ಮನೆಯಲ್ಲಿ ಇರಬೇಕಾದವಳು ನಾನು.

ಮರುದಿನ ಘಟ್ಟದ ನೀರು ಇದ್ದಿಲಿನಷ್ಟು ಕಪ್ಪು. ತೀರ್ಥದ ಬಾಟಲಿ ಇಟ್ಟ ಬಣ್ಣದಲ್ಲೇ ಇತ್ತು. ಎರಡನೇ ದಿನವೂ ಬದಲಾಗಲಿಲ್ಲ. ಅತ್ತೆಯ ಮುಖದ ಕಳೆ ನೋಡಬೇಕಿತ್ತು! "ಕರೇದು ಐತಲ್ಲ, ಅದು ನಿಮ್ಮ ಹರಿಹರದ್ದು. ತಿಳಿ ಐತಲ್ಲ, ಇದು ನಮ್ಮ ಹಂಪಿದು" ಅಂತ ತೀರ್ಪು ಕೊಟ್ಟರು.

"ಅದು ತಾಮ್ರದ ಕೆಲಸ ಅತ್ತೆ," ಅಂದಳು ತಂಗಿ. "ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೆ ಇಂಥ ಬ್ಯಾಕ್ಟೀರಿಯಾ ಸಾಯುತ್ತವೆ. ಬೆಂಗಳೂರಿನ ವಿಜ್ಞಾನಿಗಳೇ ತೋರಿಸಿದ್ದಾರೆ."

"ಚೊಂಬು ಮಾಡಿಸಿಟ್ಟೋರು ಯಾರು? ನಿಮ್ಮ ಪ್ರೊಫೆಸರೇನು?"

ಗೊಬ್ಬರದ ನೈಟ್ರೇಟು, ಗದ್ದೆಗೆ ಹೊಡೆದ ಔಷಧಿ, ಇವಕ್ಕೆಲ್ಲ ತಾಮ್ರ ಏನೂ ಮಾಡುವುದಿಲ್ಲ ಅಂತ ತಂಗಿ ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಅತ್ತೆ ಎರಡೂ ಬಾಟಲಿಗಳನ್ನು ಸೆರಗಿನಲ್ಲಿ ಹಿಡಿದು ಓಣಿಗೆ ಇಳಿದಿದ್ದರು.

ಸಂಜೆಗೆ ಬಾಗಿಲಲ್ಲಿ ಜಾತ್ರೆ. ಬೋರಿನ ನೀರು ತಂದವರು, ನಲ್ಲಿ ನೀರು ತಂದವರು, ತಿಂಗಳಿಗೆ ಇಷ್ಟು ಅಂತ ಕೊಟ್ಟು ತರಿಸುವ ಕ್ಯಾನ್ ನೀರನ್ನು ಅನುಮಾನದಿಂದ ಹಿಡಿದು ತಂದವರು. ಅತ್ತೆ ಕಟ್ಟೆ ಮೇಲೆ ಕೂತು ಯಾರು ಮೊದಲು, ಯಾರು ಆಮೇಲೆ ಅಂತ ಹೇಳುತ್ತಿದ್ದರು. ತಂಗಿಯ ಹತ್ತಿರ ಉಳಿದಿದ್ದೇ ನಾಲ್ಕು ಬಾಟಲಿ, ಅವೂ ಕಂಪ್ಲಿಗೆ ಅಂತ ಎತ್ತಿಟ್ಟವು. ಸಾಲಿನ ಕೊನೆಯಲ್ಲಿದ್ದ ಎದುರುಮನೆ ಅಜ್ಜಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು. ಕೈಯಲ್ಲಿ ಹಾಲಿನ ತಂಬಿಗೆ.

"ಅಜ್ಜಿ, ಇದು ನೀರಿಗೆ ಮಾತ್ರ," ಅಂದಳು ತಂಗಿ.

"ಗೊತ್ತೈತವ್ವಾ. ಅದಕ್ಕ ತಂದೀನಿ. ನೀರಿನಾಗ ಏನೈತಿ ಅಂತ ಆಮ್ಯಾಲ ನೋಡಿದ್ರ ಆತು. ಮೊದಲು ಈ ಹಾಲಿನಾಗ ನೀರು ಎಷ್ಟೈತಿ ಅಷ್ಟು ಹೇಳಿಬಿಡು."