ಪಂಪಿನ ಅಪ್‌ಡೇಟ್ ಒತ್ತುವ ಮೊದಲು

ಜನವರಿ ತಿಂಗಳು. ಅಂಗಳ ತುಂಬ ಅಡಿಕೆ ಒಣಗುತ್ತಿತ್ತು. ಕಾವಲಿಗೆ ಅಂತ ಹಟ್ಟಿಯ ಮಾಡಿಗೆ ಒಂದು ಕ್ಯಾಮರಾ ಹಾಕಿಸಿದ್ದೆವು. ಎರಡು ವಾರ ಕಳೆಯುವಾಗ ನೆಟ್ ತೆವಳಲು ಶುರುವಾಯಿತು. ರಾತ್ರಿ ಎದ್ದು ನೋಡಿದರೆ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಮೊಬೈಲ್‌ಗಳೆಲ್ಲ ಬಂದ್, ರೂಟರಿನ ದೀಪ ಮಾತ್ರ ಬಿಡದೆ ಮಿಣುಕುತ್ತಿದೆ.

ಭಾನುವಾರ ಅಕ್ಕನ ಮಗ ಮಂಗಳೂರಿನಿಂದ ಬದಿಯಡ್ಕಕ್ಕೆ ಬಂದವನು ಲ್ಯಾಪ್‌ಟಾಪ್ ಬಿಡಿಸಿ ಕೂತ. "ಮಾವ, ನಿಮ್ಮ ಕ್ಯಾಮರಾ ಗುರ್ತು ಪರಿಚಯ ಇಲ್ಲದವರಿಗೆಲ್ಲ ಏನೇನೋ ಕಳಿಸ್ತಾ ಉಂಟು" ಎಂದ. ಪ್ಲಗ್ ಕಿತ್ತ, ದೀಪ ಸುಮ್ಮನಾಯಿತು. ಪುನಃ ಸಿಕ್ಕಿಸಿದ, ಸ್ವಲ್ಪ ಹೊತ್ತಿನಲ್ಲಿ ಪುನಃ ಅದೇ ಕತೆ. ಕ್ಯಾಮರಾ ಕೂರಿಸಿದವರು ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟು ಹೋಗಿದ್ದರು. ದೂರದಿಂದ ಫೋನಿನಲ್ಲಿ ನೋಡಲಿಕ್ಕೆ ಅಂತ ರೂಟರಿನಲ್ಲಿ ಹೊರಗಿನಿಂದ ದಾರಿಯನ್ನೂ ತೆರೆದಿಟ್ಟಿದ್ದರು.

2016ರಲ್ಲಿ ಮಿರಾಯ್ ಎಂಬ ಕಳ್ಳ ಕೋಡ್ ಲೋಕಕ್ಕೆಲ್ಲ ಹಬ್ಬಿದ್ದು ಹೀಗೆಯೇ. ಅದರ ಕೈಯಲ್ಲಿ ಇದ್ದದ್ದು ಇಂಥ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಒಂದು ಪಟ್ಟಿ, ಅಷ್ಟೇ. ಅಷ್ಟರಲ್ಲೇ ಲಕ್ಷಗಟ್ಟಲೆ ಕ್ಯಾಮರಾ, ರೂಟರ್‌ಗಳನ್ನು ಹಿಡಿಯಿತು. ಆ ವರ್ಷ ಅಕ್ಟೋಬರ್ 21ರಂದು ಇಂಥ ಎಷ್ಟೋ ವಸ್ತುಗಳು ಒಟ್ಟಿಗೆ, ವೆಬ್‌ಸೈಟ್‌ಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಅಮೆರಿಕದಲ್ಲಿ ಹಲವರಿಗೆ ಗಂಟೆಗಟ್ಟಲೆ ತೆರೆಯಲೇ ಇಲ್ಲ. ಮಿರಾಯ್ ಬರೆದವರು ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗರು ಅಂತ ಆಮೇಲೆ ಗೊತ್ತಾಯಿತು.

ಪಾಸ್‌ವರ್ಡ್ ಬದಲಿಸಿದೆವು, ಆ ದಾರಿ ಮುಚ್ಚಿದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮುಂದಿನ ತಿಂಗಳು ಫೋನಿನಿಂದ ನಡೆಸಲಿಕ್ಕೆ ಸಿಮ್ ಹಾಕಿದ ತೋಟದ ಪಂಪಿನ ಸ್ಟಾರ್ಟರಿಗೆ "ಅಪ್‌ಡೇಟ್ ಬಂದಿದೆ" ಎಂದು ಫೋನಿನಲ್ಲಿ ಬಂತು. ಅದನ್ನು ನೋಡಿ ಕೈ ತಡೆಯಿತು. ಕಂಪನಿಗೆ ಫೋನ್ ಮಾಡಿದರೆ "ಏನೂ ಆಗುವುದಿಲ್ಲ, ಒತ್ತಿ" ಎಂದರು. ಇದು ನಿಜವಾಗಿ ಅವರೇ ಕಳಿಸಿದ್ದು ಅಂತ ನನ್ನ ಸ್ಟಾರ್ಟರಿಗೆ ಹೇಗೆ ಗೊತ್ತಾಗಬೇಕು? ಫೆಬ್ರವರಿಯಲ್ಲಿ ಕೆರೆಯ ನೀರು ತಳ ಸೇರಿರುತ್ತದೆ. ನೀರಿಲ್ಲದಾಗ ಪಂಪ್ ಓಡಿದರೆ ಮೋಟರ್ ಸುಟ್ಟೇ ಹೋಗಬಹುದು. ಈ ವಸ್ತುವಿನ ಒಳಗೆ ಯಾರ ಕೋಡ್ ಕೂತಿದೆ ಎಂಬುದು ನನಗೆ ಸಣ್ಣ ವಿಷಯ ಅಲ್ಲ.

ಇದಕ್ಕೆ ಬ್ಲಾಕ್‌ಚೈನ್ ಎಂಬ ದಾರಿ ಉಂಟು ಎಂದ ಅಳಿಯ. ಬ್ಲಾಕ್‌ಚೈನ್ ಅಂದರೆ ಬಿಟ್‌ಕಾಯಿನ್, ದುಡ್ಡಿನ ಆಟ ಅಂತ ನಾನೂ ದೂರ ಇಟ್ಟಿದ್ದೆ. ಅವನು ಬಿಡಿಸಿ ಹೇಳಿದ ಮೇಲೆ ನಮ್ಮ ಹಾಲಿನ ಸೊಸೈಟಿ ನೆನಪಾಯಿತು. ಹಾಲಿನ ಲೆಕ್ಕ ಸೊಸೈಟಿಯ ದೊಡ್ಡ ಪುಸ್ತಕದಲ್ಲೂ ಇರುತ್ತದೆ, ನಮ್ಮ ನಮ್ಮ ಪಾಸ್‌ಬುಕ್ಕಿನಲ್ಲೂ ಇರುತ್ತದೆ. ದೊಡ್ಡ ಪುಸ್ತಕ ಒಂದನ್ನೇ ತಿದ್ದಿದರೆ ಮನೆಮನೆಯ ಪಾಸ್‌ಬುಕ್ ಅದನ್ನು ಹಿಡಿದುಕೊಡುತ್ತದೆ. ಬ್ಲಾಕ್‌ಚೈನ್ ಕೂಡ ಹಾಗೆ. ಅದನ್ನು ಬಳಸುವ ಕಡೆ ನಡೆಯುವುದು ಇಷ್ಟು. ಕಂಪನಿ ಅಪ್‌ಡೇಟ್ ಬಿಡುವಾಗ ಆ ಫೈಲಿನ ಬೆರಳಚ್ಚನ್ನು, ಅಂದರೆ ಹ್ಯಾಷನ್ನು, ಹಲವರ ಬಳಿ ಒಂದೇ ರೀತಿ ಇರುವ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತದೆ. ಶಾ-256 ಎಂಬ ವಿಧಾನದಲ್ಲಿ ಫೈಲ್ ಎಷ್ಟೇ ದೊಡ್ಡದಿರಲಿ, ಬೆರಳಚ್ಚು 64 ಅಕ್ಷರ. ಒಳಗೆ ಒಂದು ಚುಕ್ಕಿ ಬದಲಾದರೂ ಇಡೀ ಬೆರಳಚ್ಚು ಬೇರೆಯೇ ಆಗುತ್ತದೆ. ಅಂಥ ಕಡೆ ಸ್ಟಾರ್ಟರ್ ತನಗೆ ಬಂದ ಫೈಲಿನ ಬೆರಳಚ್ಚು ತೆಗೆದು ಪುಸ್ತಕದ ಜತೆ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ಹಾಕಿಕೊಳ್ಳುವುದಿಲ್ಲ. ಇಡೀ ಪುಸ್ತಕ ಹೊರುವ ಶಕ್ತಿ ಆ ಪುಟ್ಟ ಚಿಪ್ಪಿಗೆ ಇಲ್ಲ, ಬೇಕಾಗಿಯೂ ಇಲ್ಲ. ತನಗೆ ಬೇಕಾದ ಸಾಲು ಪುಸ್ತಕದಲ್ಲಿ ಉಂಟು ಎಂಬುದಕ್ಕೆ ಪುರಾವೆ ಸಿಕ್ಕಿದರೆ ಸಾಕು.

ಫೈಲ್ ತನ್ನದೇ ಎಂದು ತೋರಿಸುವ ಕಂಪನಿಯ ಡಿಜಿಟಲ್ ಸಹಿ ಇದ್ದರೆ ಸಾಲದಾ ಅಂತ ಕೇಳಬಹುದು. 2020ರಲ್ಲಿ ಬಯಲಾದ, ಸೋಲಾರ್‌ವಿಂಡ್ಸ್ ಎಂಬ ಅಮೆರಿಕದ ಸಾಫ್ಟ್‌ವೇರ್ ಕಂಪನಿಯ ಪ್ರಕರಣದಲ್ಲಿ ಸಹಿ ಸರಿಯಾಗಿಯೇ ಇತ್ತು. ಕಳ್ಳರು ಕಂಪನಿಯ ಒಳಗೇ ಹೊಕ್ಕು ಅಪ್‌ಡೇಟಿಗೆ ವಿಷ ಬೆರೆಸಿದ್ದರು. ಸುಮಾರು 18,000 ಕಡೆಗಳಿಗೆ ಅದು ಹೋಯಿತು. ಇಂಥ ಕಡೆ ಬ್ಲಾಕ್‌ಚೈನ್ ಕೂಡ ಸಾಲದು, ವಿಷ ಬೆರೆತ ಫೈಲಿನ ಬೆರಳಚ್ಚೇ ಪುಸ್ತಕಕ್ಕೆ ಏರುತ್ತದೆ. ಇದನ್ನು ಮುಚ್ಚಿಟ್ಟು ಮಾರುವವರನ್ನು ನಂಬಬೇಡಿ. ಹೊರಗಿನ ನಾಲ್ಕು ಜನ ಕಂಪನಿಯ ಮೂಲ ಕೋಡ್‌ನಿಂದ ಫೈಲನ್ನು ತಾವೇ ಕಟ್ಟಿ, ತಮ್ಮ ಬೆರಳಚ್ಚನ್ನೂ ಅದೇ ಪುಸ್ತಕದಲ್ಲಿ ಬರೆಯುವ ಹಾಗಾದರೆ ಕಲಬೆರಕೆ ಕಣ್ಣಿಗೆ ಬೀಳುತ್ತದೆ. ನನಗೆ ಬೇಕಾದದ್ದು ಅದು. ಒಬ್ಬರ ಬಾಯಿಮಾತನ್ನೇ ನಂಬಿ ನನ್ನ ಪಂಪ್ ಓಡಬಾರದು.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ನೆಟ್‌ಗೆ ಸೇರುವ ಇಂಥ ವಸ್ತು ಮಾರುವ ಹಾಗಿಲ್ಲ. ನಮ್ಮಲ್ಲೂ ಅದೇ ವರ್ಷ ಸಿಸಿಟಿವಿ ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮ ಬಂತು. ಸಂತೋಷ. ತೋಟದ ಪಂಪಿಗೂ ಅಷ್ಟೇ ಕಾಳಜಿ ಬೇಕಲ್ವಾ?

ಕುಂಬಳೆಯಿಂದ ಮುಳ್ಳೇರಿಯದವರೆಗೆ ಈಗ ಎಷ್ಟು ತೋಟಗಳಲ್ಲಿ ಫೋನಿನಿಂದ ನೀರು ಬಿಡುತ್ತಿದ್ದಾರೆ! ಹೊಸದು ಕೊಳ್ಳುವವರು ಅಂಗಡಿಯಲ್ಲಿ ಎರಡು ಮಾತು ಕೇಳಿ. ಪಾಸ್‌ವರ್ಡ್ ನಾವೇ ಬದಲಿಸಬಹುದಾ? ಅಪ್‌ಡೇಟ್ ಅಸಲಿಯಾ ಅಂತ ಈ ಯಂತ್ರ ಹೇಗೆ ನೋಡುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಕಂಪನಿಗೆ ಕೇಳಿಸಿ.

ನಾನೂ ಕಂಪನಿಗೆ ಬರೆದು ಮೂರು ವಾರ ಆಯಿತು. ಉತ್ತರ ಬಂದಿಲ್ಲ. ಆ ಅಪ್‌ಡೇಟ್ ಇನ್ನೂ ಒತ್ತಿಲ್ಲ. ಸ್ಟಾರ್ಟರಿನಿಂದ ಸಿಮ್ ತೆಗೆದಿಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಕೆರೆಯ ಬದಿಗೆ ಹೋಗಿ ನಾನೇ ಪಂಪ್ ಹಾಕಿ ಬರುತ್ತೇನೆ.